ಎರಡು ಹೋಸ್ಟ್‌ಗಳ ವಿಎಂಗಳ ನಡುವಿನ ಟನಲ್ ಕೆಟ್ಟಾಗ: ಪ್ಯಾಕೆಟ್ ಎಲ್ಲಿ ಸತ್ತಿತು ಎಂದು ಹುಡುಕುವ ಕ್ರಮ

ಎರಡು ಹೋಸ್ಟ್ ಕಂಪ್ಯೂಟರ್, ಒಂದೊಂದರಲ್ಲಿ ಒಂದು ವಿಎಂ (ವರ್ಚುವಲ್ ಯಂತ್ರ), ನಡುವೆ ಒಂದು ಟನಲ್, ಅಂದರೆ ವಿಎಂಗಳ ಪ್ಯಾಕೆಟ್ಟನ್ನು ಹೋಸ್ಟ್‌ಗಳ ಪ್ಯಾಕೆಟ್ ಒಳಗೆ ಸುತ್ತಿ ಒಯ್ಯುವ ದಾರಿ. ನಿನ್ನೆ ರಾತ್ರಿವರೆಗೂ ಓಡುತ್ತಿತ್ತು, ಬೆಳಿಗ್ಗೆ ನೋಡಿದರೆ ಇಲ್ಲ. ಅಥವಾ ಈಗಷ್ಟೇ ಕಟ್ಟಿ ಮುಗಿಸಿದ್ದೀರಿ, ಎರಡೂ ಕಡೆ ಇಂಟರ್‌ಫೇಸ್ ಎದ್ದಿದೆ, ಪಿಂಗ್ ಮಾತ್ರ ಹೋಗುತ್ತಿಲ್ಲ. ಇಂಥ ಹೊತ್ತಲ್ಲಿ ಕೈ ಸುಮ್ಮನಿರುವುದಿಲ್ಲ. ಫೈರ್‌ವಾಲ್ ಆಫ್ ಮಾಡುತ್ತೇವೆ, ಬ್ರಿಡ್ಜ್ ಅಳಿಸಿ ಮತ್ತೆ ಕಟ್ಟುತ್ತೇವೆ, ವಿಎಂ ರೀಬೂಟ್ ಮಾಡುತ್ತೇವೆ. ಹೇಗೋ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಹದಿನೈದು ದಿನಕ್ಕೆ ಅದೇ ತಲೆನೋವು ವಾಪಸ್ ಬರುತ್ತದೆ.

ಟನಲ್ ಕೆಟ್ಟಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಪ್ಯಾಕೆಟ್ ಕೊನೇ ಸಲ ಎಲ್ಲಿ ಕಂಡಿತು? ಅದಕ್ಕೆ ಉತ್ತರ ಸಿಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟುವುದಿಲ್ಲ. ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ. ಉದಾಹರಣೆಗೆ ಲಿನಕ್ಸ್ ಹೋಸ್ಟ್, ಕೆವಿಎಂ (ವಿಎಂ ಓಡಿಸುವ ಲಿನಕ್ಸ್ ಸೌಲಭ್ಯ), ಲಿನಕ್ಸ್ ಬ್ರಿಡ್ಜ್ (ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್) ಮತ್ತು ವಿಎಕ್ಸ್‌ಲ್ಯಾನ್ (ಒಂದು ಬಗೆಯ ಟನಲ್) ಇಟ್ಟುಕೊಂಡಿದ್ದೇನೆ. ಜಿಆರ್‌ಇ, ಜೆನೀವ್ ಎಂಬ ಬೇರೆ ಬಗೆಯ ಟನಲ್, ಓಪನ್ ವಿಸ್ವಿಚ್ ಎಂಬ ಬೇರೆ ಸಾಫ್ಟ್‌ವೇರ್ ಸ್ವಿಚ್ ಬಳಸುವವರಿಗೂ ದಾರಿ ಇದೇ, ವ್ಯತ್ಯಾಸ ಇದ್ದಲ್ಲಿ ಹೇಳುತ್ತೇನೆ. ಕಮಾಂಡ್‌ಗಳನ್ನು ಪಕ್ಕದವರಿಗೆ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ; ಟರ್ಮಿನಲ್‌ನಲ್ಲಿ ಅವನ್ನು ಹೇಗೆ ಟೈಪ್ ಮಾಡಬೇಕು ಎಂಬುದು ಇಷ್ಟು ದೂರ ಬಂದವರಿಗೆ ಗೊತ್ತೇ ಇರುತ್ತದೆ.

ಮೊದಲು ಕಾಗದದ ಮೇಲೆ ದಾರಿ ಬರೆಯಿರಿ

ನಮ್ಮ ಉದಾಹರಣೆಯಲ್ಲಿ ಹೋಸ್ಟ್-1ರ ವಿಳಾಸ 10.0.0.11, ಹೋಸ್ಟ್-2ರದ್ದು 10.0.0.12. ಒಳಗಿನ ವಿಎಂಗಳು 172.16.5.21 ಮತ್ತು 172.16.5.22. ಟನಲ್ ನಂಬರ್, ಅಂದರೆ ವಿಎನ್‌ಐ, 100.

ವಿಎಂ-1ರಿಂದ ಹೊರಟ ಪ್ಯಾಕೆಟ್ ಹೋಸ್ಟ್-1ರಲ್ಲಿ ಮೊದಲು ಟ್ಯಾಪ್ ಇಂಟರ್‌ಫೇಸ್‌ಗೆ, ಅಂದರೆ ವಿಎಂನ ಕಾರ್ಡ್‌ಗೆ ಹೋಸ್ಟ್ ಕಡೆಯ ತುದಿಗೆ, ಬರುತ್ತದೆ. ಲಿಬ್‌ವರ್ಟ್ (ವಿಎಂಗಳನ್ನು ನಿರ್ವಹಿಸುವ ಸಾಧನ) ಇದ್ದರೆ ಅದರ ಹೆಸರು ವಿನೆಟ್0 ಅಂತಿರುತ್ತದೆ. ಅಲ್ಲಿಂದ ಬ್ರಿಡ್ಜ್, ಬ್ರಿಡ್ಜ್‌ನಿಂದ ವಿಎಕ್ಸ್‌ಲ್ಯಾನ್100. ಅಲ್ಲಿ ಹೊರಗಿನ ಐಪಿ ಮತ್ತು ಯುಡಿಪಿ ಹೆಡರ್ ಸುತ್ತಿಕೊಂಡು ನಿಜವಾದ ನೆಟ್‌ವರ್ಕ್ ಕಾರ್ಡ್‌ಗೆ ಇಳಿಯುತ್ತದೆ. ಸ್ವಿಚ್ ದಾಟಿ ಹೋಸ್ಟ್-2ರ ಕಾರ್ಡ್, ಅಲ್ಲಿ ಸುತ್ತು ಬಿಚ್ಚಿ ವಿಎಕ್ಸ್‌ಲ್ಯಾನ್100, ಬ್ರಿಡ್ಜ್, ವಿನೆಟ್0, ಕೊನೆಗೆ ವಿಎಂ-2. ಉತ್ತರ ಬರಬೇಕಾದರೆ ಇಷ್ಟೂ ನಿಲ್ದಾಣಗಳನ್ನು ಉಲ್ಟಾ ದಾಟಬೇಕು.

ಇದನ್ನು ನಿಜವಾಗಿಯೂ ಬರೆದು ಎದುರಿಗೆ ಇಟ್ಟುಕೊಳ್ಳಿ. ತಲೆಯಲ್ಲಿದೆ ಅಂದುಕೊಂಡರೆ ಮಧ್ಯರಾತ್ರಿ ಎರಡು ಗಂಟೆಗೆ ಯಾವ ಹೋಸ್ಟ್‌ನ ಯಾವ ಬ್ರಿಡ್ಜ್ ಎಂಬುದು ಖಂಡಿತ ಕಲಸಿಹೋಗುತ್ತದೆ.

ಆಮೇಲೆ ರೋಗಲಕ್ಷಣ ಬರೆಯಿರಿ. 'ಕೆಲಸ ಮಾಡ್ತಿಲ್ಲ' ಅಂದರೆ ಸಾಲದು. ಏನೂ ಹೋಗುತ್ತಿಲ್ಲವೇ? ಪಿಂಗ್ ಹೋಗಿ ಎಸ್‌ಎಸ್‌ಎಚ್ ನಿಂತುಬಿಡುತ್ತದೆಯೇ? ಕೆಲವು ಕನೆಕ್ಷನ್ ಸರಿ, ಕೆಲವು ಸತ್ತವೇ? ಮೊದಲನೆಯದಾದರೆ ಹಂತ 1ರಿಂದ ಕ್ರಮವಾಗಿ ಬನ್ನಿ. ಎರಡನೆಯದಾದರೆ ನೇರ ಹಂತ 6ಕ್ಕೆ ಹೋಗಿ, ಹತ್ತರಲ್ಲಿ ಎಂಟು ಸಲ ನಿಮ್ಮ ಉತ್ತರ ಅಲ್ಲೇ ಇರುತ್ತದೆ. ಮೂರನೆಯದಕ್ಕೆ ಹಂತ 4ರ ಕೊನೆ ನೋಡಿ.

ಹಂತ 1: ವಿಎಂ ಮರೆತು ಹೋಸ್ಟ್‌ಗಳ ನಡುವೆ ನೋಡಿ

ಹೋಸ್ಟ್-1ರಿಂದ ಹೋಸ್ಟ್-2ಕ್ಕೆ ಪಿಂಗ್ ಮಾಡಿ. ಸುಮ್ಮನೆ ಪಿಂಗ್ ಸಾಲದು, ಟನಲ್ ಬಳಸುವ ಸ್ಥಳೀಯ ವಿಳಾಸದಿಂದಲೇ ಹೊರಡಬೇಕು: ಪಿಂಗ್ ಮೈನಸ್ ದೊಡ್ಡ ಐ, 10.0.0.11, ಆಮೇಲೆ 10.0.0.12. ಜೊತೆಗೆ ಐಪಿ ರೌಟ್ ಗೆಟ್ 10.0.0.12 ಕೊಟ್ಟು ಯಾವ ಕಾರ್ಡ್‌ನಿಂದ, ಯಾವ ಮೂಲ ವಿಳಾಸದಿಂದ ಹೊರಡುತ್ತದೆ ಎಂದು ನೋಡಿ. ಹೋಸ್ಟ್‌ನಲ್ಲಿ ಎರಡು ಕಾರ್ಡ್ ಇದ್ದು, ಒಂದು ಮ್ಯಾನೇಜ್‌ಮೆಂಟಿಗೆ, ಇನ್ನೊಂದು ಡೇಟಾಗೆ ಅಂತಿದ್ದರೆ, ನೀವು ಒಂದನ್ನು ನಂಬಿ ಕೂತಿರುತ್ತೀರಿ, ಕರ್ನಲ್ ಇನ್ನೊಂದರಿಂದ ಕಳಿಸುತ್ತಿರುತ್ತದೆ.

ಅದು ಸರಿಯಿದ್ದರೆ ಪೂರ್ತಿ ಗಾತ್ರದ ಪಿಂಗ್: ಮೈನಸ್ ದೊಡ್ಡ ಎಂ ಡು, ಮೈನಸ್ ಎಸ್ 1472. 'ತುಂಡು ಮಾಡಬೇಡ' ಎಂಬ ಗುರುತು ಹಾಕಿ 1472 ಬೈಟ್ ತುಂಬಿ ಕಳಿಸು ಎಂದರ್ಥ. 8 ಬೈಟ್ ಐಸಿಎಂಪಿ (ಪಿಂಗ್ ಮತ್ತು ದೋಷ ಸಂದೇಶ ಒಯ್ಯುವ ಪ್ರೋಟೊಕಾಲ್), 20 ಬೈಟ್ ಐಪಿ ಸೇರಿ ಸರಿಯಾಗಿ 1500. ಇದು ಹೋಗದಿದ್ದರೆ ಟನಲ್ ಕೆಳಗಿನ ನೆಲವೇ ಗಟ್ಟಿಯಿಲ್ಲ. ಅದನ್ನು ಸರಿಮಾಡದೆ ಮುಂದಿನದು ಓದಬೇಡಿ.

ಹಂತ 2: ಎರಡೂ ಬದಿಯ ಸೆಟ್ಟಿಂಗ್ ಅಕ್ಕಪಕ್ಕ ಇಡಿ

ಎರಡು ಟರ್ಮಿನಲ್ ತೆರೆದು ಎರಡರಲ್ಲೂ ಐಪಿ ಮೈನಸ್ ಡಿ ಲಿಂಕ್ ಶೋ ವಿಎಕ್ಸ್‌ಲ್ಯಾನ್100 ಕೊಡಿ. ಮೈನಸ್ ಡಿ ಮರೆತರೆ ಬೇಕಾದ ವಿವರ ಬರುವುದಿಲ್ಲ. ಐಡಿ ಒಂದೇ ಇದೆಯೇ, ಇಲ್ಲಿಯ ಲೋಕಲ್ ಅಲ್ಲಿಯ ರಿಮೋಟ್ ಆಗಿದೆಯೇ, ಡಿಎಸ್‌ಟಿಪೋರ್ಟ್ ಒಂದೇ ಇದೆಯೇ ಎಂದು ಬೆರಳಿಟ್ಟು ಹೋಲಿಸಿ.

ಇಂಟರ್‌ಫೇಸ್ 'ಅಪ್' ಎಂದೋ 'ಅನ್‌ನೋನ್' ಎಂದೋ ತೋರಿಸುತ್ತಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ವಿಎಕ್ಸ್‌ಲ್ಯಾನ್‌ಗೆ ಎದುರುಬದಿ ಬದುಕಿದೆಯೇ ಎಂದು ವಿಚಾರಿಸುವ ಅಭ್ಯಾಸವೇ ಇಲ್ಲ. ಹೋಸ್ಟ್-2ರ ಪವರ್ ಕೇಬಲ್ ಕಿತ್ತುಹಾಕಿದರೂ ಹೋಸ್ಟ್-1ರಲ್ಲಿ ಅದು ಹಾಗೇ ನೆಟ್ಟಗೆ ನಿಂತಿರುತ್ತದೆ.

ಪೋರ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವಿಎಕ್ಸ್‌ಲ್ಯಾನ್‌ಗೆ ಅಧಿಕೃತವಾಗಿ ಕೊಟ್ಟ ಯುಡಿಪಿ ಪೋರ್ಟ್ 4789. 2014ರಲ್ಲಿ ಬಂದ ಆರ್‌ಎಫ್‌ಸಿ 7348ರಲ್ಲಿ ಅದೇ ಇದೆ. ಆದರೆ ಲಿನಕ್ಸ್ ಕರ್ನಲ್‌ಗೆ ವಿಎಕ್ಸ್‌ಲ್ಯಾನ್ ಬಂದದ್ದು ಅದಕ್ಕಿಂತ ಮೊದಲು, ಹಾಗಾಗಿ ನೀವು ಪೋರ್ಟ್ ಹೇಳದಿದ್ದರೆ ಕರ್ನಲ್ ಇಂದಿಗೂ ಹಳೆಯ 8472ನ್ನೇ ಹಿಡಿಯುತ್ತದೆ. ಒಂದು ಬದಿ ಓಪನ್ ವಿಸ್ವಿಚ್, ಇನ್ನೊಂದು ಬದಿ ಕೈಯಿಂದ ಬರೆದ ಐಪಿ ಲಿಂಕ್ ಆಡ್ ಇದ್ದರೆ ಒಬ್ಬರು 4789ರ ಬಾಗಿಲು ಬಡಿಯುತ್ತಾರೆ, ಇನ್ನೊಬ್ಬರು 8472ರ ಹಿಂದೆ ಕಾಯುತ್ತಾ ಕೂತಿರುತ್ತಾರೆ. ನನ್ನ ಒಂದು ಇಡೀ ಶನಿವಾರ ಇದಕ್ಕೇ ಹೋಗಿದೆ. ಅಂದಿನಿಂದ ಡಿಎಸ್‌ಟಿಪೋರ್ಟ್ ಬರೆಯದೆ ವಿಎಕ್ಸ್‌ಲ್ಯಾನ್ ಇಂಟರ್‌ಫೇಸ್ ಮಾಡಿಯೇ ಇಲ್ಲ.

ಜಿಆರ್‌ಇ ಆದರೆ ಕೀ ಎರಡೂ ಬದಿ ಒಂದೇ ಇರಬೇಕು, ಅಥವಾ ಎರಡೂ ಬದಿ ಇರಬಾರದು. ವಿಎಂಗಳನ್ನು ಬ್ರಿಡ್ಜ್ ಮಾಡುವುದಾದರೆ ಬೇಕಿರುವುದು ಜಿಆರ್‌ಇಟ್ಯಾಪ್. ಬರೀ ಜಿಆರ್‌ಇ ಐಪಿ ಪ್ಯಾಕೆಟ್ ಮಾತ್ರ ಒಯ್ಯುತ್ತದೆ, ಅದನ್ನು ಬ್ರಿಡ್ಜ್‌ಗೆ ಸೇರಿಸಲು ಬರುವುದಿಲ್ಲ.

ಹಂತ 3: ಟಿಸಿಪಿಡಂಪ್ ಹಾಕಿ ದಾರಿಯನ್ನು ಅರ್ಧ ಮಾಡಿ

ಈ ಲೇಖನದ ಜೀವ ಇರುವುದು ಈ ಹಂತದಲ್ಲಿ. ವಿಎಂ-1ರಲ್ಲಿ ವಿಎಂ-2ಕ್ಕೆ ಪಿಂಗ್ ಓಡಲು ಬಿಟ್ಟುಬಿಡಿ, ನಿಲ್ಲಿಸಬೇಡಿ. ಈಗ ದಾರಿಯ ನಟ್ಟನಡುವೆ, ಅಂದರೆ ಹೋಸ್ಟ್-2ರ ನೆಟ್‌ವರ್ಕ್ ಕಾರ್ಡ್ ಮೇಲೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಹಾಕಿ: ಮೈನಸ್ ಎನ್, ಮೈನಸ್ ಇ, ಹೋಸ್ಟ್ 10.0.0.11 ಮತ್ತು ಯುಡಿಪಿ. ಪೋರ್ಟ್ ಫಿಲ್ಟರ್ ಬೇಕಂತಲೇ ಬಿಟ್ಟಿದ್ದೇನೆ. ಪೋರ್ಟೇ ತಪ್ಪಿರಬಹುದು ಎಂಬ ಅನುಮಾನ ಇರುವಾಗ ಆ ಪೋರ್ಟನ್ನೇ ಫಿಲ್ಟರ್ ಮಾಡಿದರೆ ಖಾಲಿ ಪರದೆ ನೋಡುತ್ತಾ ಕೂರಬೇಕಾಗುತ್ತದೆ. ಜಿಆರ್‌ಇಗೆ ಯುಡಿಪಿ ಬದಲು ಪ್ರೋಟೊ 47.

ಇಲ್ಲಿ ಪ್ಯಾಕೆಟ್ ಕಂಡರೆ ಹೋಸ್ಟ್-1 ಮತ್ತು ಸ್ವಿಚ್ ಎರಡೂ ಒಳ್ಳೆಯವರು, ತೊಂದರೆ ಹೋಸ್ಟ್-2ರ ಒಳಗೆ ಅಥವಾ ವಾಪಸ್ ದಾರಿಯಲ್ಲಿ. ಕಾಣದಿದ್ದರೆ ಹೋಸ್ಟ್-1ರ ಕಾರ್ಡ್ ಮೇಲೆ ನೋಡಿ. ಅಲ್ಲಿ ಹೊರಡುತ್ತಿದ್ದರೆ ಕಳ್ಳ ನಡುವಿನ ಸ್ವಿಚ್‌ನಲ್ಲೋ, ಕ್ಲೌಡ್ ಆಗಿದ್ದರೆ ಅದರ ಫೈರ್‌ವಾಲ್ ಆದ ಸೆಕ್ಯುರಿಟಿ ಗ್ರೂಪ್‌ನಲ್ಲೋ ಇದ್ದಾನೆ. ಹೊರಡದೇ ಇದ್ದರೆ ವಿಎಕ್ಸ್‌ಲ್ಯಾನ್100, ವಿನೆಟ್0 ಎಂದು ಹಿಂದೆ ಹಿಂದೆ ಬನ್ನಿ. ಮೂರು ಅಥವಾ ನಾಲ್ಕು ಸಲಕ್ಕೆ ಜಾಗ ಸಿಕ್ಕಿಬಿಡುತ್ತದೆ.

ಟಿಸಿಪಿಡಂಪ್ ತೋರಿಸುವುದನ್ನು ಓದುವಾಗ ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ.

ಒಳಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ಗಿಂತ ಮುಂಚೆ ನೋಡುತ್ತದೆ, ಹೊರಹೋಗುವುದನ್ನು ಐಪಿಟೇಬಲ್ಸ್ ಆದಮೇಲೆ. ಹಾಗಾಗಿ ಹೋಸ್ಟ್-2ರ ಕಾರ್ಡ್ ಮೇಲೆ ಪ್ಯಾಕೆಟ್ ಕಂಡ ಮಾತ್ರಕ್ಕೆ ಫೈರ್‌ವಾಲ್ ಬಿಟ್ಟಿದೆ ಎಂದಲ್ಲ. ಅದೇ ಹೋಸ್ಟ್‌ನ ವಿಎಕ್ಸ್‌ಲ್ಯಾನ್100ರ ಮೇಲೆ ಕಂಡರೆ ಮಾತ್ರ ಬಿಟ್ಟಿದೆ.

ಕಾರ್ಡ್ ಮೇಲೆ ಕಂಡು ವಿಎಕ್ಸ್‌ಲ್ಯಾನ್100ರಲ್ಲಿ ಕಾಣದಿದ್ದಾಗ, ಫಿಲ್ಟರ್‌ನಿಂದ ಯುಡಿಪಿ ಪದ ತೆಗೆದು, ವಾಪಸ್ ಏನಾದರೂ ಹೋಗುತ್ತಿದೆಯೇ ಎಂದು ನೋಡಿ. ಯುಡಿಪಿ ಪೋರ್ಟ್ ತಲುಪಲಾಗದು ಎಂಬ ಐಸಿಎಂಪಿ ಹೊರಟಿದ್ದರೆ ಆ ಪೋರ್ಟಿನಲ್ಲಿ ಕೇಳುವವರೇ ಇಲ್ಲ, ಪೋರ್ಟ್ ತಪ್ಪಿದೆ ಅಥವಾ ಇಂಟರ್‌ಫೇಸ್ ಕೆಳಗಿದೆ. ವಿಎನ್‌ಐ ತಪ್ಪಿದ್ದರೆ ಹೀಗಾಗುವುದಿಲ್ಲ. ಪೋರ್ಟಿನಲ್ಲಿ ಕೇಳುವವರು ಇದ್ದಾರೆ, ನಂಬರ್ ನೋಡಿ 'ಇದು ನಮ್ಮದಲ್ಲ' ಎಂದು ಸದ್ದಿಲ್ಲದೆ ಎಸೆದುಬಿಡುತ್ತಾರೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಗಂಟೆ ಉಳಿಯುತ್ತದೆ. ಫೈರ್‌ವಾಲ್ ರಿಜೆಕ್ಟ್ ಎಂದಿದ್ದರೂ ಐಸಿಎಂಪಿ ಬರಬಹುದು, ಅದೊಂದು ನೆನಪಿಡಿ.

ಇನ್ನೊಂದು ತಮಾಷೆ: ಪೋರ್ಟ್ 4789 ಆದರೆ ಟಿಸಿಪಿಡಂಪ್ ತಾನಾಗಿಯೇ ಒಳಗಿನ ಪ್ಯಾಕೆಟ್ ಬಿಚ್ಚಿ ತೋರಿಸುತ್ತದೆ. 8472 ಆದರೆ ಅದನ್ನು ಒಟಿವಿ ಎಂಬ ಬೇರೆಯೇ ಪ್ರೋಟೊಕಾಲ್ ಅಂತ ಓದುತ್ತದೆ. ಪರದೆ ತುಂಬ ಒಟಿವಿ ಎಂದು ಬಂದರೆ ಗಾಬರಿ ಬೇಡ, ಮೈನಸ್ ದೊಡ್ಡ ಟಿ ವಿಎಕ್ಸ್‌ಲ್ಯಾನ್ ಸೇರಿಸಿ, ಸರಿಯಾಗಿ ಓದುತ್ತದೆ.

ಕೊನೆಯದಾಗಿ, ಪಿಂಗ್ ಹೋಗದಿದ್ದಾಗ ಟನಲ್‌ನಲ್ಲಿ ಕಾಣುವುದು ಬಹಳ ಸಲ ಪಿಂಗೇ ಅಲ್ಲ, ಬರೀ ಎಆರ್‌ಪಿ, ಅಂದರೆ ಒಂದು ಐಪಿಯ ಹಿಂದಿರುವ ಮ್ಯಾಕ್ (ಕಾರ್ಡ್‌ನ ವಿಳಾಸ) ಯಾವುದು ಎಂಬ ಪ್ರಶ್ನೆ: '172.16.5.22 ಯಾರು, 172.16.5.21ಗೆ ಹೇಳಿ' ಎಂಬ ಕೂಗು ಸೆಕೆಂಡಿಗೊಂದು ಸಲ. ಕೂಗು ಆಚೆ ಮುಟ್ಟಿತೇ, ಉತ್ತರ ಹೊರಟಿತೇ, ಹೊರಟ ಉತ್ತರ ಎಲ್ಲಿಯವರೆಗೆ ಬಂತು ಎಂದು ಮೂರನ್ನೂ ಬೇರೆಬೇರೆಯಾಗಿ ಹಿಂಬಾಲಿಸಿ.

ಹಂತ 4: ಫೈರ್‌ವಾಲ್, ಮತ್ತು ಅದರ ಹೆಸರಲ್ಲಿ ನಡೆಯುವ ತಪ್ಪುಗಳು

ಜಿಆರ್‌ಇಗೆ ಪೋರ್ಟ್ ಇಲ್ಲ. 47 ಎಂಬುದು ಐಪಿ ಪ್ರೋಟೊಕಾಲ್ ನಂಬರ್, ಟಿಸಿಪಿಯ 6, ಯುಡಿಪಿಯ 17 ಇದ್ದ ಹಾಗೆ. ಪೋರ್ಟ್ 47 ತೆರೆದು 'ಎಲ್ಲಾ ತೆರೆದಿದ್ದೇನೆ ಸಾರ್' ಎನ್ನುವವರನ್ನು ನೋಡಿದ್ದೇನೆ. ಒಮ್ಮೆ ನಾನೇ ಅಂದಿದ್ದೇನೆ. ಜೆನೀವ್ ಆದರೆ ಯುಡಿಪಿ 6081.

ವಿಎಕ್ಸ್‌ಲ್ಯಾನ್‌ನಲ್ಲಿ ಇನ್ನೂ ಸೂಕ್ಷ್ಮವಾದ ಒಂದು ವಿಷಯವಿದೆ. ಎರಡೂ ದಿಕ್ಕಿನ ಪ್ಯಾಕೆಟ್‌ಗಳೂ ಎದುರುಬದಿಯ 4789ಕ್ಕೇ ಹೋಗುತ್ತವೆ. ಮೂಲ ಪೋರ್ಟನ್ನು ಒಳಗಿನ ಪ್ಯಾಕೆಟ್‌ನ ಹೆಡರ್‌ಗಳ ಹ್ಯಾಶ್‌ನಿಂದ ಆಯ್ದುಕೊಳ್ಳಲಾಗುತ್ತದೆ. ಅಂದರೆ ಉತ್ತರವು ಪ್ರಶ್ನೆ ಬಂದ ಪೋರ್ಟ್‌ಗೆ ವಾಪಸ್ ಹೋಗುವುದಿಲ್ಲ. ಫೈರ್‌ವಾಲ್ ಕಣ್ಣಿಗೆ ಅದು ಉತ್ತರವೇ ಅಲ್ಲ, ಹೊಸ ಪ್ಯಾಕೆಟ್. 'ಹೊರಗೆ ಹೋದದ್ದಕ್ಕೆ ಉತ್ತರ ತಾನಾಗಿ ಒಳಬರುತ್ತದೆ' ಎಂಬ ನಿಯಮ ಇಲ್ಲಿ ಕೈಕೊಡುತ್ತದೆ. ಎರಡೂ ಹೋಸ್ಟ್‌ಗಳಲ್ಲಿ, ಎರಡೂ ಸೆಕ್ಯುರಿಟಿ ಗ್ರೂಪ್‌ಗಳಲ್ಲಿ, ಒಳಬರುವ 4789ನ್ನು ಬಿಡಬೇಕು. ಎದುರು ಹೋಸ್ಟ್‌ನ ವಿಳಾಸಕ್ಕೆ ಮಾತ್ರ ಬಿಡಿ, ಲೋಕಕ್ಕೆಲ್ಲ ಅಲ್ಲ: ವಿಎಕ್ಸ್‌ಲ್ಯಾನ್‌ನಲ್ಲಿ ಗುಪ್ತಲಿಪಿಯೂ ಇಲ್ಲ, ಗುರುತು ಪರೀಕ್ಷೆಯೂ ಇಲ್ಲ, ನಂಬರ್ ಊಹಿಸಿದ ಯಾರು ಬೇಕಾದರೂ ನಿಮ್ಮ ವಿಎಂ ನೆಟ್‌ವರ್ಕ್ ಒಳಗೆ ಫ್ರೇಮ್ ತೂರಿಸಬಹುದು.

ಹೋಸ್ಟ್‌ಗೆ ಎರಡು ಕಾರ್ಡ್ ಇದ್ದು ಪ್ಯಾಕೆಟ್ ಒಂದರಲ್ಲಿ ಬಂದು ರೂಟ್ ಇನ್ನೊಂದನ್ನು ತೋರಿಸುತ್ತಿದ್ದರೆ ಆರ್‌ಪಿ ಫಿಲ್ಟರ್ (ಬಂದ ಕಾರ್ಡ್‌ನಿಂದಲೇ ವಾಪಸ್ ದಾರಿ ಇದೆಯೇ ಎಂಬ ಕರ್ನಲ್ ಪರೀಕ್ಷೆ) ಕಟ್ಟುನಿಟ್ಟಾಗಿದ್ದರೆ ಅದನ್ನು ಬಿಸಾಡುತ್ತದೆ. ಲಾಗ್‌ನಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಎನ್‌ಸ್ಟ್ಯಾಟ್ ಕೊಟ್ಟು ಐಪಿ ರಿವರ್ಸ್ ಪಾತ್ ಫಿಲ್ಟರ್ ಎಂಬ ಎಣಿಕೆ ಏರುತ್ತಿದೆಯೇ ನೋಡಿ.

ಹೋಸ್ಟ್-2ರಲ್ಲಿ ಪ್ಯಾಕೆಟ್ ವಿಎಕ್ಸ್‌ಲ್ಯಾನ್100ರವರೆಗೆ ಬಂದು, ವಿನೆಟ್0ರಲ್ಲಿ ಕಾಣದಿದ್ದರೆ ನನ್ನ ಮೊದಲ ಪ್ರಶ್ನೆ: ಆ ಹೋಸ್ಟ್‌ನಲ್ಲಿ ಯಾರಾದರೂ ಡಾಕರ್ (ಕಂಟೇನರ್ ಓಡಿಸುವ ಸಾಧನ) ಹಾಕಿದ್ದಾರೆಯೇ? ಡಾಕರ್ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಣಿಯನ್ನು ಡ್ರಾಪ್ ಮಾಡಿಡುತ್ತದೆ. ಬಿಆರ್ ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆಗಿ ಬ್ರಿಡ್ಜ್ ಎನ್‌ಎಫ್ ಕಾಲ್ ಐಪಿಟೇಬಲ್ಸ್ 1 ಆಗಿದ್ದರೆ ಬ್ರಿಡ್ಜ್ ಒಳಗಿನ ಫ್ರೇಮ್‌ಗಳೂ ಅದೇ ಸರಣಿ ಹಾಯಬೇಕಾಗುತ್ತದೆ. ಟನಲ್‌ಗೂ ಡಾಕರ್‌ಗೂ ಏನು ಸಂಬಂಧ ಅಂತ ಯಾರೂ ಯೋಚಿಸುವುದಿಲ್ಲ, ಅದಕ್ಕೇ ಇದು ಇಷ್ಟು ಸಲ ಕಾಡುತ್ತದೆ. ಐಪಿಟೇಬಲ್ಸ್ ಮೈನಸ್ ಎಲ್ ಫಾರ್ವರ್ಡ್, ಮೈನಸ್ ವಿ, ಮೈನಸ್ ಎನ್ ಕೊಟ್ಟು ಡ್ರಾಪ್ ಎಣಿಕೆ ಪಿಂಗ್ ಜೊತೆ ಹೆಜ್ಜೆ ಹಾಕುತ್ತಿದೆಯೇ ನೋಡಿದರೆ ಅನುಮಾನ ತೀರುತ್ತದೆ. ಬ್ರಿಡ್ಜ್‌ಗೆ ಫಾರ್ವರ್ಡ್‌ನಲ್ಲಿ ಒಂದು ಅನುಮತಿ ಸಾಲು ಸೇರಿಸಿ, ಅಥವಾ ಆ ಸಿಸ್ಟಂ ಸೆಟ್ಟಿಂಗನ್ನು 0 ಮಾಡಿ. ಎರಡನೆಯದನ್ನು ಮಾಡುವ ಮುನ್ನ ಆ ಹೋಸ್ಟ್‌ನಲ್ಲಿ ಕುಬರ್ನೆಟಿಸ್ ಇಲ್ಲವೆಂದು ಖಾತ್ರಿಮಾಡಿಕೊಳ್ಳಿ, ಅದಕ್ಕೆ 1 ಇರಲೇಬೇಕಾದ ಸಂದರ್ಭಗಳಿವೆ.

ನಿಮ್ಮ ಹೋಸ್ಟ್‌ಗಳೇ ಇನ್ನೊಂದು ಹೈಪರ್‌ವೈಸರ್ ಮೇಲಿನ ವಿಎಂಗಳಾಗಿದ್ದರೆ, ಕೆಳಗಿನ ಆ ವ್ಯವಸ್ಥೆಯೂ ವಿಎಕ್ಸ್‌ಲ್ಯಾನ್ ಬಳಸುತ್ತಿರಬಹುದು, ಅದೇ ಪೋರ್ಟಿನಲ್ಲಿ. ಆಗ ನಿಮ್ಮ ಪ್ಯಾಕೆಟ್ ನಡುದಾರಿಯಲ್ಲಿ ಮಾಯ. ಪೋರ್ಟ್ ಬದಲಿಸಿ ನೋಡುವುದೇ ಪರೀಕ್ಷೆ. ಡಾಕರ್ ಸ್ವಾರ್ಮ್‌ನಲ್ಲಂತೂ ಇದಕ್ಕೆಂದೇ 19.03ರಿಂದ ಡೇಟಾ ಪಾತ್ ಪೋರ್ಟ್ ಎಂಬ ಆಯ್ಕೆ ಇದೆ.

ಇನ್ನು 'ಕೆಲವು ಕನೆಕ್ಷನ್ ಮಾತ್ರ ಸಾಯುತ್ತವೆ' ಎಂಬ ದೂರು. ಮೇಲೆ ಹೇಳಿದ ಮೂಲ ಪೋರ್ಟ್ ಹ್ಯಾಶ್ ಇರುವುದೇ ನಡುವಿನ ಸ್ವಿಚ್‌ಗಳು ಹರಿವನ್ನು ಹಲವು ಲಿಂಕ್‌ಗಳಿಗೆ ಹಂಚಲಿ ಎಂದು. ನಾಲ್ಕು ಲಿಂಕ್‌ನಲ್ಲಿ ಒಂದು ಕೆಟ್ಟಿದ್ದರೆ ಸುಮಾರು ಕಾಲು ಭಾಗ ಕನೆಕ್ಷನ್‌ಗಳು ಸಾಯುತ್ತವೆ, ಉಳಿದವು ಆರಾಮಾಗಿ ಓಡುತ್ತವೆ. ಪಿಂಗ್ ಯಾವಾಗಲೂ ಒಂದೇ ಲಿಂಕ್ ಹಿಡಿಯುವುದರಿಂದ 'ಪಿಂಗ್ ಚೆನ್ನಾಗೇ ಇದೆಯಲ್ಲ' ಎಂಬ ಮಾತು ಬರುತ್ತದೆ. ವಿಎಂನಿಂದ ಬೇರೆಬೇರೆ ಮೂಲ ಪೋರ್ಟ್ ಕೊಟ್ಟು ಇಪ್ಪತ್ತು ಮೂವತ್ತು ಟಿಸಿಪಿ ಕನೆಕ್ಷನ್ ಮಾಡಿ. ಯಾವ ಮೂಲ ಪೋರ್ಟ್ ಸೋಲುತ್ತದೋ ಪ್ರತಿ ಸಲವೂ ಅದೇ ಸೋತರೆ ಸ್ವಿಚ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಕೈಯಲ್ಲಿ ಸಾಕ್ಷಿ ಇದೆ.

ಹಂತ 5: ಮ್ಯಾಕ್ ಪಟ್ಟಿ ಸುಳ್ಳು ಹೇಳುತ್ತಿದೆಯೇ?

ಹೋಸ್ಟ್-1ರಲ್ಲಿ ಬ್ರಿಡ್ಜ್ ಎಫ್‌ಡಿಬಿ ಶೋ ಡೆವ್ ವಿಎಕ್ಸ್‌ಲ್ಯಾನ್100 ಕೊಡಿ, ಯಾವ ಮ್ಯಾಕ್ ಯಾವ ಕಡೆ ಇದೆ ಎಂಬ ಪಟ್ಟಿ ಬರುತ್ತದೆ. ಮಲ್ಟಿಕಾಸ್ಟ್ ಇಲ್ಲದೆ ಕಟ್ಟಿದ ಟನಲ್ ಆದರೆ 00:00:00:00:00:00 ಎಂಬ ಸೊನ್ನೆ ಮ್ಯಾಕ್ ಎದುರಿಗೆ 10.0.0.12 ಇರಲೇಬೇಕು. ಯಾರಿಗೆಂದು ಗೊತ್ತಿಲ್ಲದ ಫ್ರೇಮ್, ಎಆರ್‌ಪಿ ಕೂಗು ಎಲ್ಲ ಈ ಸಾಲಿನ ಮೇಲೆ ನಿಂತಿವೆ. ಸಾಲು ಒಂದೇ ಬದಿಯಲ್ಲಿದ್ದರೆ ಒಂದು ಕಡೆಯಿಂದ ಪಿಂಗ್ ಶುರುಮಾಡಿದರೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಹೋಗುವುದಿಲ್ಲ ಎಂಬ ವಿಚಿತ್ರ ಕಾಣುತ್ತದೆ. ಒಮ್ಮೆ ಕಲಿತ ಮ್ಯಾಕ್ 300 ಸೆಕೆಂಡ್ ಪಟ್ಟಿಯಲ್ಲಿರುತ್ತದೆ, ಆದ್ದರಿಂದ ಐದು ನಿಮಿಷ ಚೆನ್ನಾಗಿದ್ದು ಆಮೇಲೆ ಸಾಯುವ ಟನಲ್ ಕಂಡರೂ ಇದನ್ನೇ ಅನುಮಾನಿಸಿ. ವಿಎಂ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸ್ಥಳಾಂತರವಾದ ಮೇಲೆ ಕೈಯಿಂದ ಬರೆದ ಹಳೆಯ ಸಾಲು ಉಳಿದಿದ್ದರೆ ಅದು ತಾನಾಗಿ ಹೋಗುವುದೇ ಇಲ್ಲ.

ಇನ್ನು ನಾನು ತಿಂದ ಪೆಟ್ಟು. ಒಂದು ವಿಎಂನ ಡಿಸ್ಕ್ ಮತ್ತು ಎಕ್ಸ್‌ಎಂಎಲ್ ಫೈಲ್ ಎರಡನ್ನೂ ಎರಡನೇ ಹೋಸ್ಟ್‌ಗೆ ಕಾಪಿ ಮಾಡಿ, ಒಳಗಿನ ಐಪಿ ಬದಲಿಸಿ ಎದ್ದು ನಿಲ್ಲಿಸಿದ್ದೆ. ಟನಲ್ ಸರಿ, ಪೋರ್ಟ್ ಸರಿ, ಫೈರ್‌ವಾಲ್ ಸರಿ. ಎಆರ್‌ಪಿ ಪ್ರಶ್ನೆ ವಿಎಂ-2ಕ್ಕೆ ಮುಟ್ಟುತ್ತಿತ್ತು. ವಿಎಂ-2 ಉತ್ತರವನ್ನೂ ಕೊಡುತ್ತಿತ್ತು, ಹೋಸ್ಟ್-2ರ ವಿನೆಟ್0ರಲ್ಲಿ ಕಣ್ಣಾರೆ ನೋಡಿದೆ. ಒಂದು ಹೆಜ್ಜೆ ಮುಂದೆ, ವಿಎಕ್ಸ್‌ಲ್ಯಾನ್100ರಲ್ಲಿ, ಆ ಉತ್ತರ ಇಲ್ಲ. ಬ್ರಿಡ್ಜ್ ನುಂಗುತ್ತಿದೆ! ಒಂದೂವರೆ ಗಂಟೆ ಐಪಿಟೇಬಲ್ಸ್ ಜೊತೆ ಗುದ್ದಾಡಿದ ಮೇಲೆ ಟಿಸಿಪಿಡಂಪ್‌ಗೆ ಮೈನಸ್ ಇ ಹಾಕಿದೆ. ಉತ್ತರದ ಮೂಲ ಮ್ಯಾಕ್ ಮತ್ತು ಗುರಿ ಮ್ಯಾಕ್ ಎರಡೂ ಒಂದೇ, 52:54:00ಯಿಂದ ಶುರುವಾಗುವ ಅದೇ ಆರು ಜೋಡಿ. ಎಕ್ಸ್‌ಎಂಎಲ್ ಜೊತೆ ಮ್ಯಾಕ್ ವಿಳಾಸವೂ ಕಾಪಿ ಆಗಿತ್ತು. ಗುರಿ ಮ್ಯಾಕ್ ಎಲ್ಲಿದೆ ಎಂದು ಬ್ರಿಡ್ಜ್ ನೋಡಿದರೆ ಫ್ರೇಮ್ ಬಂದ ಪೋರ್ಟೇ ಕಾಣುತ್ತದೆ. ಬಂದ ಬಾಗಿಲಿಗೇ ವಾಪಸ್ ಕಳಿಸುವುದಿಲ್ಲ ಎಂಬ ನಿಯಮದಂತೆ ಎಸೆಯುತ್ತದೆ. ಬ್ರಿಡ್ಜ್‌ದು ಏನೂ ತಪ್ಪಿರಲಿಲ್ಲ. ವರ್ಟ್ ಕ್ಲೋನ್ ಬಳಸಿದ್ದರೆ ಹೊಸ ಮ್ಯಾಕ್ ಅದೇ ಹಾಕಿಕೊಡುತ್ತಿತ್ತು. ಮೈನಸ್ ಇ ಈಗ ನನ್ನ ಬೆರಳಿಗೆ ಅಂಟಿಕೊಂಡಿದೆ.

ಹಂತ 6: ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ನೇತಾಡುತ್ತದೆ

ಎಸ್‌ಎಸ್‌ಎಚ್ ಮೈನಸ್ ವಿ ಕೊಟ್ಟರೆ ಕನೆಕ್ಷನ್ ಆಗಿದೆ, ಆವೃತ್ತಿ ವಿನಿಮಯ ಆಗಿದೆ, ಕೀ ಎಕ್ಸ್‌ಚೇಂಜ್ ಹಂತಕ್ಕೆ ಬಂದು ಕಲ್ಲಾಗಿ ನಿಂತಿದೆ. ಅಥವಾ ವೆಬ್ ಸರ್ವರ್‌ನಿಂದ ಹೆಡರ್ ಬರುತ್ತದೆ, ಪುಟ ಬರುವುದಿಲ್ಲ. ಇದು ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರದ, ರೋಗ. ಸಣ್ಣ ಪ್ಯಾಕೆಟ್ ತೂರಿಕೊಂಡು ಹೋಗುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ.

ಲೆಕ್ಕ ಸರಳ. ವಿಎಕ್ಸ್‌ಲ್ಯಾನ್ ಹೊರೆಸುವ ಭಾರ: ಒಳಗಿನ ಈಥರ್ನೆಟ್ ಹೆಡರ್ 14, ವಿಎಕ್ಸ್‌ಲ್ಯಾನ್ ಹೆಡರ್ 8, ಯುಡಿಪಿ 8, ಹೊರಗಿನ ಐಪಿ 20. ಒಟ್ಟು 50. ಕೆಳಗಿನ ನೆಟ್‌ವರ್ಕ್ 1500 ಆದರೆ ವಿಎಂಗೆ ಉಳಿಯುವುದು 1450. ಹೊರಗಿನದು ಐಪಿವಿ6 ಆದರೆ ಭಾರ 70, ಉಳಿಕೆ 1430. ಜಿಆರ್‌ಇಟ್ಯಾಪ್‌ಗೆ ಭಾರ 38, ಕೀ ಇದ್ದರೆ 42, ಹಾಗಾಗಿ 1462 ಅಥವಾ 1458. ಜೆನೀವ್ ಬರಿದಾಗಿದ್ದರೆ ವಿಎಕ್ಸ್‌ಲ್ಯಾನ್‌ನಷ್ಟೇ, ಆದರೆ ಅದಕ್ಕೆ ಆಯ್ಕೆಗಳ ಬಾಲ ಸೇರುತ್ತದೆ. ಓವಿಎನ್ (ಓಪನ್ ವಿಸ್ವಿಚ್ ಮೇಲೆ ಕಟ್ಟಿದ ವ್ಯವಸ್ಥೆ) 8 ಬೈಟ್ ಸೇರಿಸುವುದರಿಂದ 1442. ವೈರ್‌ಗಾರ್ಡ್ ಎಂಬ ಗುಪ್ತಲಿಪಿಯ ಟನಲ್ ಮೇಲೆ ವಿಎಕ್ಸ್‌ಲ್ಯಾನ್ ಕೂರಿಸಿದವರು ವೈರ್‌ಗಾರ್ಡ್‌ನ ವಾಡಿಕೆಯ 1420ರಿಂದ 50 ಕಳೆಯಬೇಕು, 1370.

ಪರೀಕ್ಷೆ: ವಿಎಂ-1ರಿಂದ ಪಿಂಗ್, ಮೈನಸ್ ದೊಡ್ಡ ಎಂ ಡು, ಮೈನಸ್ ಎಸ್ 1422. ಹೋಗಬೇಕು. 1423 ಕೊಡಿ, ಸಾಯಬೇಕು. ಸರಿಯಾಗಿ ಈ ಗೆರೆಯಲ್ಲೇ ತುಂಡಾದರೆ ರೋಗನಿರ್ಣಯ ಮುಗಿಯಿತು. 1423ಕ್ಕೆ 'ಸಂದೇಶ ದೊಡ್ಡದಾಯಿತು' ಎಂದು ವಿಎಂ ತಾನೇ ತಕ್ಷಣ ಗೊಣಗಿದರೆ ವಿಎಂನ ಎಂಟಿಯು ಆಗಲೇ ಸರಿಯಿದೆ. ಏನೂ ಗೊಣಗದೆ ಸುಮ್ಮನೆ ಕಾಯುತ್ತಿದ್ದರೆ ವಿಎಂ 1500 ಎಂದು ನಂಬಿ ಕಳಿಸುತ್ತಿದೆ, ದಾರಿಯಲ್ಲಿ ಯಾರೋ ಎಸೆಯುತ್ತಿದ್ದಾರೆ.

ಗಾತ್ರ ತಾನಾಗಿ ಕಂಡುಕೊಳ್ಳುವ ವ್ಯವಸ್ಥೆ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅದು ನಡುವಿನ ರೂಟರ್ 'ತುಂಡು ಮಾಡಬೇಕು' ಎಂಬ ಐಸಿಎಂಪಿ ಕಳಿಸುವುದರ ಮೇಲೆ ನಿಂತಿದೆ. ಎರಡು ವಿಎಂಗಳ ನಡುವೆ, ಅವುಗಳ ಕಣ್ಣಿಗೆ, ರೂಟರೇ ಇಲ್ಲ; ಬರೀ ಬ್ರಿಡ್ಜ್. ಬ್ರಿಡ್ಜ್ ದೊಡ್ಡ ಫ್ರೇಮ್ ಕಂಡರೆ ಮಾತಿಲ್ಲದೆ ಎಸೆಯುತ್ತದೆ.

ಪರಿಹಾರ ಎರಡು. ಸ್ವಿಚ್‌ಗಳು ನಿಮ್ಮ ಕೈಯಲ್ಲಿದ್ದರೆ ಕೆಳಗಿನ ನೆಟ್‌ವರ್ಕನ್ನೇ 1550ಕ್ಕಿಂತ ಮೇಲಕ್ಕೆ ಏರಿಸಿ. 1600 ಅಥವಾ 9000 ಮಾಡುವುದು ರೂಢಿ. ನನಗೆ ಇದೇ ಇಷ್ಟ, ವಿಎಂಗಳನ್ನು ಮುಟ್ಟಬೇಕಾಗಿಲ್ಲ. ದಾರಿಯ ಪ್ರತಿ ಪೋರ್ಟೂ ಏರಬೇಕು, ಒಂದು ಬಿಟ್ಟರೂ ವ್ಯರ್ಥ. ಏರಿಸಿದ ಮೇಲೆ ಹಂತ 1ರ ಪಿಂಗನ್ನು 1522 ಇಟ್ಟು ಹೋಸ್ಟ್‌ಗಳ ನಡುವೆ ಮತ್ತೆ ಮಾಡಿ, ಆಮೇಲೆ ವಿಎಕ್ಸ್‌ಲ್ಯಾನ್100ರ ಎಂಟಿಯು 1500ಕ್ಕೆ ಏರಿದೆಯೇ ಎಂದೂ ನೋಡಿ.

ಸ್ವಿಚ್ ಕೈಯಲ್ಲಿಲ್ಲದಿದ್ದರೆ ವಿಎಂಗಳನ್ನು 1450ಕ್ಕೆ ಇಳಿಸಿ. ಡಿಎಚ್‌ಸಿಪಿ ಇದ್ದರೆ ಆಯ್ಕೆ 26ರಲ್ಲಿ ಕೊಡಬಹುದು. ಲಿಬ್‌ವರ್ಟ್‌ನ ನೆಟ್‌ವರ್ಕ್ ವಿವರಣೆಯಲ್ಲಿ ಎಂಟಿಯು ಬರೆದರೆ ವರ್ಟಿಯೋ ಕಾರ್ಡ್ ಮೂಲಕ ವಿಎಂಗೆ ತಿಳಿಯುತ್ತದೆ. ಹೋಸ್ಟ್‌ನ ಬ್ರಿಡ್ಜ್ ಎಂಟಿಯು ಇಳಿಸಿದರೆ ಸಾಕು ಎಂಬ ನಂಬಿಕೆ ಬಹಳ ಜನರಿಗಿದೆ. ಸಾಲದು. ಒಳಗಿನ ಗೆಸ್ಟ್‌ಗೆ ಅದು ಗೊತ್ತಾಗಬೇಕು.

ಟಿಸಿಪಿಡಂಪ್‌ನಲ್ಲಿ ಎಂಟಿಯುಗಿಂತ ಹಲವು ಪಟ್ಟು ದೊಡ್ಡ ಪ್ಯಾಕೆಟ್ ಕಂಡರೆ ಬೆಚ್ಚಬೇಡಿ. ಟಿಸಿಪಿ ಹರಿವನ್ನು ಕೊನೇ ಗಳಿಗೆಯಲ್ಲಿ ತುಂಡು ಮಾಡುವ ಆಫ್‌ಲೋಡ್ ಕೆಲಸ ಅದು.

ಹಂತ 7: ಪಿಂಗ್ ಎಲ್ಲ ಗಾತ್ರದಲ್ಲೂ ಸರಿ, ಟಿಸಿಪಿ ಮಾತ್ರ ಇಲ್ಲ

ಇದು ಅಪರೂಪ, ಬಂದರೆ ಮಾತ್ರ ತಲೆ ಕೆಡಿಸುತ್ತದೆ. ಟಿಸಿಪಿಯ ಮೊಟ್ಟಮೊದಲ ಸಿನ್ ಪ್ಯಾಕೆಟ್ಟಿಗೇ ಉತ್ತರವಿಲ್ಲ. ಆಗ ಚೆಕ್‌ಸಮ್ (ಪ್ಯಾಕೆಟ್ ದಾರಿಯಲ್ಲಿ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ನೋಡಿ. ಕಾರ್ಡ್ ಅಥವಾ ಡ್ರೈವರ್ ಟನಲ್ ಒಳಗಿನ ಟಿಸಿಪಿ ಚೆಕ್‌ಸಮ್ ತಾನು ಹಾಕುತ್ತೇನೆಂದು ಒಪ್ಪಿಕೊಂಡು ತಪ್ಪಾಗಿ ಹಾಕಿದರೆ, ಆಚೆ ವಿಎಂ ಅದನ್ನು ಎಸೆಯುತ್ತದೆ. ಪಿಂಗ್‌ನ ಚೆಕ್‌ಸಮ್ ಸಾಫ್ಟ್‌ವೇರೇ ಹಾಕುವುದರಿಂದ ಅದು ಪಾರಾಗುತ್ತದೆ.

ನೋಡಬೇಕಾದದ್ದು ತಲುಪುವ ಬದಿಯಲ್ಲಿ: ವಿಎಂ-2ರ ಒಳಗೆ ಎನ್‌ಸ್ಟ್ಯಾಟ್ ಕೊಟ್ಟರೆ ಟಿಸಿಪಿ ಇನ್ ಸಿಸಮ್ ಎರರ್ಸ್ ಏರುತ್ತಿರುತ್ತದೆ. ಕಳಿಸುವ ಬದಿಯ ಟಿಸಿಪಿಡಂಪ್ 'ಚೆಕ್‌ಸಮ್ ತಪ್ಪು' ಎಂದರೆ ನಂಬಬೇಡಿ, ಅಲ್ಲಿ ಅದನ್ನು ಇನ್ನೂ ಹಾಕಿಯೇ ಇರುವುದಿಲ್ಲ. ಈಥ್‌ಟೂಲ್ ಮೈನಸ್ ದೊಡ್ಡ ಕೆ ವಿಎಕ್ಸ್‌ಲ್ಯಾನ್100 ಟಿಎಕ್ಸ್ ಆಫ್ ಎಂದು ಕೊಟ್ಟು ನೋಡಿ. ತಕ್ಷಣ ಹರಿಯತೊಡಗಿದರೆ ಡ್ರೈವರ್ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಹುಡುಕಿ. ಆಫ್ ಮಾಡಿಟ್ಟೇ ಬಿಟ್ಟರೆ ಸಿಪಿಯು ಬೆಲೆ ತೆರುತ್ತದೆ.

ಹಂತ 8: ಟನಲ್ ಕೆಲಸ ಮಾಡಿದ್ದರಿಂದಲೇ ಬರುವ ತೊಂದರೆ

ಲಿಬ್‌ವರ್ಟ್ ಹಾಕಿದ ಪ್ರತಿ ಹೋಸ್ಟ್‌ನಲ್ಲೂ ಸಾಮಾನ್ಯವಾಗಿ ಡೀಫಾಲ್ಟ್ ಎಂಬ ನೆಟ್‌ವರ್ಕ್ ಇರುತ್ತದೆ, 192.168.122.0/24, ಅದರ ಗೇಟ್‌ವೇ 192.168.122.1. ಎರಡೂ ಹೋಸ್ಟ್‌ಗಳಲ್ಲಿ ಅದೇ! ಆ ಎರಡು ಬ್ರಿಡ್ಜ್‌ಗಳನ್ನು ಟನಲ್‌ನಿಂದ ಹೊಲಿದರೆ ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಗೇಟ್‌ವೇ ಒಂದೇ ವಿಳಾಸದಲ್ಲಿ, ಎರಡು ಡಿಎಚ್‌ಸಿಪಿ ಸರ್ವರ್ ಪೈಪೋಟಿಯಲ್ಲಿ. ವಿಎಂಗೆ ಒಮ್ಮೆ ಇಂಟರ್ನೆಟ್ ಇದೆ, ಒಮ್ಮೆ ಇಲ್ಲ. ಟನಲ್‌ಗೆ ಪ್ರತ್ಯೇಕ ಬ್ರಿಡ್ಜ್ ಮಾಡಿ, ವಿಎಂಗೆ ಎರಡನೇ ಕಾರ್ಡ್ ಕೊಡಿ.

ಮೂರನೇ ಹೋಸ್ಟ್ ಸೇರಿಸಿದಾಗ ಇನ್ನೊಂದು ಬಲೆ ಇದೆ. ಎಲ್ಲರಿಂದ ಎಲ್ಲರಿಗೂ ಜಿಆರ್‌ಇಟ್ಯಾಪ್ ಎಳೆದು ಬ್ರಿಡ್ಜ್‌ಗೆ ಸೇರಿಸಿದರೆ ತ್ರಿಕೋನ, ಅಂದರೆ ಲೂಪ್. ಒಂದು ಎಆರ್‌ಪಿ ಸುತ್ತುತ್ತಾ ಸುತ್ತುತ್ತಾ ನೆಟ್‌ವರ್ಕನ್ನು ಮುಳುಗಿಸುತ್ತದೆ. ಟಾಪ್ ಕಮಾಂಡ್‌ನಲ್ಲಿ ಸಾಫ್ಟ್ ಐಆರ್‌ಕ್ಯೂ (ಪ್ಯಾಕೆಟ್ ಸಂಸ್ಕರಿಸಲು ಕರ್ನಲ್ ಬಳಸುವ ಸಿಪಿಯು ಸಮಯ) ಏರಿದ್ದು ಕಂಡರೆ ಇದನ್ನು ಅನುಮಾನಿಸಿ. ಒಂದು ಬದಿ ಕಡಿಯಿರಿ ಅಥವಾ ಲೂಪ್ ತಡೆಯುವ ಎಸ್‌ಟಿಪಿ ಹಚ್ಚಿ. ಒಂದೇ ವಿಎಕ್ಸ್‌ಲ್ಯಾನ್ ಇಂಟರ್‌ಫೇಸ್‌ಗೆ ಎರಡು ಸೊನ್ನೆ ಮ್ಯಾಕ್ ಸಾಲು ಕೊಟ್ಟರೆ ಈ ಗೋಳಿಲ್ಲ, ಬಂದ ಪೋರ್ಟಿಗೇ ಬ್ರಿಡ್ಜ್ ವಾಪಸ್ ಕಳಿಸುವುದಿಲ್ಲವಾದ್ದರಿಂದ. ಹಂತ 5ರಲ್ಲಿ ನನ್ನನ್ನು ಕಾಡಿದ ಅದೇ ನಿಯಮ ಇಲ್ಲಿ ಕಾಪಾಡುತ್ತದೆ.

ಸರಿಹೋದ ಮೇಲೆ

ಐಪಿ ಲಿಂಕ್, ಬ್ರಿಡ್ಜ್ ಎಫ್‌ಡಿಬಿ, ಈಥ್‌ಟೂಲ್, ಐಪಿಟೇಬಲ್ಸ್‌ನಲ್ಲಿ ಕೈಯಿಂದ ಮಾಡಿದ್ದೆಲ್ಲ ರೀಬೂಟ್ ಆದರೆ ಹೋಗುತ್ತದೆ. ಪರೀಕ್ಷೆಗೆಂದು ಆಫ್ ಮಾಡಿದ ಫೈರ್‌ವಾಲ್ ಮೊದಲು ಆನ್ ಮಾಡಿ. ಆಮೇಲೆ ಉಳಿದದ್ದನ್ನು ನಿಮ್ಮ ವ್ಯವಸ್ಥೆ ಯಾವುದೋ ಅದರಲ್ಲಿ, ಸಿಸ್ಟಂಡಿ ನೆಟ್‌ವರ್ಕ್‌ಡಿ, ನೆಟ್‌ಪ್ಲಾನ್ ಅಥವಾ ನೆಟ್‌ವರ್ಕ್ ಮ್ಯಾನೇಜರ್, ಬರೆದಿಡಿ. ಬರೆದ ಮೇಲೆ ಎರಡು ಹೋಸ್ಟ್‌ಗಳನ್ನೂ ಒಂದಾದ ಮೇಲೆ ಒಂದರಂತೆ ನೀವು ಎದುರಿಗಿರುವಾಗಲೇ ರೀಬೂಟ್ ಮಾಡಿ. ಎರಡೂ ಎದ್ದ ಮೇಲೆ ಎರಡೂ ದಿಕ್ಕಿನಿಂದ 1422ರ ಪಿಂಗ್ ಹೋಗಬೇಕು, ಆರು ನಿಮಿಷ ಏನೂ ಕಳಿಸದೆ ಬಿಟ್ಟು ಮತ್ತೆ ಕೊಟ್ಟಾಗಲೂ ಹೋಗಬೇಕು.